ಗುರಿ ತಪ್ಪಿದರೆ ದೋಷ ಯಾವುದರದು?

ಪರೀಕ್ಷೆ ವಿಫಲವಾದಾಗ ದೋಷವನ್ನು ಯಾವುದರ ಮೇಲೆ ಹೊರಿಸಬೇಕು ಎಂಬುದು ಜ್ಞಾನಮೀಮಾಂಸೆಯ ಹಳೆಯ ಪ್ರಶ್ನೆ. ಬಳಸಿದ ಸೈನಿಕ ರೈಫಲ್ಲನ್ನು ಕೈಯಲ್ಲಿ ತುಂಬಿದ ತೋಟಾಗಳಿಂದ ಪರೀಕ್ಷಿಸುವಾಗ ಅದು ನೇರವಾಗಿ ಎದುರಾಗುತ್ತದೆ. ಅಮೆರಿಕದ ಸೇನೆ 1936ರಲ್ಲಿ ಅಂಗೀಕರಿಸಿದ ಎಂ1 ಗ್ಯಾರಂಡ್ ಒಳ್ಳೆಯ ಉದಾಹರಣೆ. ಮದ್ದಿನ ಅನಿಲದ ಒತ್ತಡವೇ ಅದರ ಯಂತ್ರವನ್ನು ನಡೆಸುತ್ತದೆ. ತೀರ ನಿಧಾನವಾಗಿ ಉರಿಯುವ ಮದ್ದು ತುಂಬಿದರೆ ಅದರ ಚಾಲಕ ಸರಳು ಬಾಗಬಹುದು.

ಗುಂಡುಗಳು ಗುರಿಹಲಗೆಯ ಮೇಲೆ ಚದುರಿ ಬಿದ್ದರೆ ಕಾರಣ ಸವೆದ ನಳಿಗೆಯಿರಬಹುದು, ಮದ್ದಿನ ಅಳತೆಯ ಏರುಪೇರಿರಬಹುದು, ಗುರಿಕಾರನ ಕೈಯೂ ಇರಬಹುದು. ಹೀಗೆಯೇ ಭೌತಶಾಸ್ತ್ರದಲ್ಲೂ ಪರೀಕ್ಷೆಗೊಳಗಾಗುವುದು ಒಂಟಿ ಊಹೆಯಲ್ಲ, ಊಹೆಗಳ ಇಡೀ ಸಮೂಹ ಎಂದು ಫ್ರಾನ್ಸಿನ ಭೌತವಿಜ್ಞಾನಿ ಪಿಯರ್ ದ್ಯುಹೆಮ್ 1906ರ ತನ್ನ ಗ್ರಂಥದಲ್ಲಿ ವಾದಿಸಿದ.

ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನ ಈ ತೊಡಕನ್ನು ಉಪಾಧಿ, ಅಂದರೆ ಮರೆಯಲ್ಲಿರುವ ಷರತ್ತು, ಎಂಬ ಪರಿಕಲ್ಪನೆಯಿಂದ ವಿವರಿಸುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನಲಾಗದು. ಹೊಗೆಗೆ ಹಸಿ ಸೌದೆಯೂ ಬೇಕು. ಅಡಗಿದ ಉಪಾಧಿಯನ್ನು ಹೊರಗೆಳೆಯುವ ದಾರಿ ಅನ್ವಯ-ವ್ಯತಿರೇಕ: ಒಂದಿದ್ದಾಗ ಇನ್ನೊಂದೂ ಇದೆಯೇ, ಅದಿಲ್ಲದಾಗ ಇದೂ ಇಲ್ಲವೇ ಎಂದು ನೋಡುವುದು. ಅದೇ ರೈಫಲ್ಲಿನಲ್ಲಿ ಅದಕ್ಕೆ ಹೊಂದುವ ಕಾರ್ಖಾನೆಯ ತೋಟಾ ಹಾರಿಸಿದಾಗ ಚದುರುವಿಕೆ ನಿಂತರೆ ಸಂಶಯ ಕೈತುಂಬಿದ ತೋಟಾದತ್ತ ತಿರುಗುತ್ತದೆ.

ಎಲ್ಲ ಗುಂಡುಗಳೂ ಒತ್ತಾಗಿ ಬಿದ್ದರೂ ಮುಂದಿನದು ಹಾಗೆಯೇ ಬೀಳುತ್ತದೆಂಬುದಕ್ಕೆ ತಾರ್ಕಿಕ ಖಾತರಿಯಿಲ್ಲ. ಅನುಮಾನವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದನ್ನು, ಪ್ರಮಾಣವೆಂದು ಒಪ್ಪದ ಚಾರ್ವಾಕರೂ 18ನೇ ಶತಮಾನದ ತತ್ತ್ವಜ್ಞ ಡೇವಿಡ್ ಹ್ಯೂಮನೂ ಎತ್ತಿದ ಆಕ್ಷೇಪ ಇದು. ಸಂಶಯಕ್ಕೂ ಎಲ್ಲೆಯಿದೆ, ಅದು ನಮ್ಮ ನಡೆಗೇ ವಿರುದ್ಧವಾಗುವಲ್ಲಿ ನಿಲ್ಲಬೇಕು ಎಂಬುದು ನೈಯಾಯಿಕ ಉದಯನನ ಉತ್ತರ. ಪರೀಕ್ಷೆ ಕೊಡುವುದು ಪೂರ್ಣ ನಿಶ್ಚಯವನ್ನಲ್ಲ, ನಡೆಗೆ ಸಾಕಾಗುವಷ್ಟು ಭರವಸೆಯನ್ನು.