ಗಡುವು ದಾಟಿದ ಮೇಲೆ

ಚೆನ್ನೈನ ಎಲಿಯಟ್ಸ್ ಬೀಚಿನಲ್ಲಿ ಬೆಳಗಿನ ನಡಿಗೆ ಮುಗಿಸಿ ಶ್ಮಿಟ್ ಸ್ಮಾರಕದ ಬಳಿ ಕೂತಾಗ, ಬೆಸೆಂಟ್ ನಗರಕ್ಕೆ ಹೆಸರು ಕೊಟ್ಟ ಆನಿ ಬೆಸೆಂಟರ ವ್ಯಾಜ್ಯ ನೆನಪಾಗುತ್ತದೆ. ಬೆಸೆಂಟರ ಪಾಲನೆಯಲ್ಲಿದ್ದ ಬಾಲಕರಾದ ಜಿಡ್ಡು ಕೃಷ್ಣಮೂರ್ತಿ ಮತ್ತು ನಿತ್ಯಾನಂದರನ್ನು ತಮಗೆ ಒಪ್ಪಿಸಬೇಕೆಂದು ತಂದೆ ನಾರಾಯಣಯ್ಯ ದಾವೆ ಹೂಡಿದ್ದರು. 1913ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಬೆಸೆಂಟ್ ಸೋತರು. ಅಪೀಲು ಹೋದರು, ಅಕ್ಟೋಬರಿನಲ್ಲಿ ಅಲ್ಲೂ ಸೋತರು. ಪ್ರಿವಿ ಕೌನ್ಸಿಲಿನ ಮೆಟ್ಟಿಲು ಹತ್ತಿ, 1914ರ ಮೇ ತಿಂಗಳಲ್ಲಿ ಗೆದ್ದರು.

ಸೋತ ಮರುದಿನವೇ ಎದ್ದು ಹೊರಡುವ ಆ ಗಟ್ಟಿತನ ಎಲ್ಲರಿಗೂ ಎಲ್ಲಿಂದ ಬರಬೇಕು? ಪಾಲಿನ ದಾವೆಯಲ್ಲಿ ಸೋತ ಮನೆಯಲ್ಲಿ ತೀರ್ಪಿನ ನಕಲು ಬೀರುವಿನೊಳಗೆ, ಸೀರೆಗಳ ಅಡಿಗೆ ಸೇರುತ್ತದೆ. ಊಟಕ್ಕೆ ಕೂತಾಗ ಯಾರೂ ಅದರ ಮಾತೆತ್ತುವುದಿಲ್ಲ. ಹಬ್ಬ ಕಳೆಯಲಿ ಅನ್ನುತ್ತಾರೆ, ಮಗಳ ಬಾಣಂತನ ಮುಗಿಯಲಿ ಅನ್ನುತ್ತಾರೆ. ದಿನ ಎಣಿಸುವ ಕೆಲಸ ಮಾತ್ರ ನಿಲ್ಲುವುದಿಲ್ಲ. ಅಪೀಲು ಹೋಗಲು ಡಿಕ್ರಿಯ ದಿನದಿಂದ ಜಿಲ್ಲಾ ನ್ಯಾಯಾಲಯಕ್ಕಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ನಕಲಿಗೆ ಅರ್ಜಿ ಹಾಕಿದ ಮೇಲೆ ಅದು ಸಿದ್ಧವಾಗಲು ಹಿಡಿಯುವ ದಿನಗಳನ್ನು ಕಳೆಯಬಹುದು. ಅರ್ಜಿಯನ್ನೇ ಹಾಕದೆ ಕೂತ ದಿನಗಳನ್ನಲ್ಲ.

ಗಡುವು ದಾಟಿದರೆ ಎಲ್ಲ ಮುಗಿಯಿತೆಂದಲ್ಲ. 1963ರ ಕಾಲಮಿತಿ ಕಾಯ್ದೆಯ 5ನೇ ಕಲಂ, ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ವಿಳಂಬ ಮನ್ನಿಸಿ ಎಂಬ ಅರ್ಜಿಯ ಜೊತೆ ಒಂದು ಅಫಿಡವಿಟ್ ಹಾಕಬೇಕು. ತೀರ್ಪು ಗೊತ್ತಾದದ್ದು ಯಾವಾಗ, ಆಸ್ಪತ್ರೆಯಲ್ಲಿದ್ದದ್ದು ಎಂದಿನಿಂದ ಎಂದಿನವರೆಗೆ, ವಕೀಲರನ್ನು ಕಂಡದ್ದು ಎಂದು, ಎಲ್ಲವನ್ನೂ ಪ್ರಮಾಣ ಮಾಡಿ ಬರೆಯಬೇಕು. ಮನುಷ್ಯ ತನ್ನ ಕಳೆದ ದಿನಗಳಿಗೆ ಇಷ್ಟು ನೇರವಾಗಿ ಉತ್ತರ ಹೇಳುವ ಸಂದರ್ಭ ಬದುಕಿನಲ್ಲಿ ಹೆಚ್ಚು ಬರುವುದಿಲ್ಲ.

ಮದ್ರಾಸ್ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣವಿದೆ. ಅದು ಅಪೀಲಲ್ಲ. ಗೈರುಹಾಜರಿಯಲ್ಲಿ ಆದ ಡಿಕ್ರಿಯನ್ನು ರದ್ದು ಮಾಡಿ ಎಂದು ಹಾಕಿದ್ದ ಅರ್ಜಿ ವಜಾ ಆಗಿತ್ತು, ಆ ವಜಾ ಆದೇಶವನ್ನು ರದ್ದು ಮಾಡಿ ಎಂಬ ಅರ್ಜಿ ಇದು. ತಡವಾದದ್ದು 883 ದಿನ. ನಂಬಿದ ವಕೀಲರು ಕೈಬಿಟ್ಟರೆಂದು ಕಕ್ಷಿದಾರ ಹೇಳಿದ. ಕೆಳಗಿನ ನ್ಯಾಯಾಲಯ ಮನ್ನಿಸಿತು, ಹೈಕೋರ್ಟ್ ಒಪ್ಪಲಿಲ್ಲ. 1998ರಲ್ಲಿ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಬರೆದ ತೀರ್ಪು ಆತನ ಕೈ ಹಿಡಿಯಿತು: ಎಷ್ಟು ದಿನ ತಡವಾಯಿತೆಂಬುದಲ್ಲ, ಕೊಟ್ಟ ಕಾರಣ ಒಪ್ಪುವಂಥದೇ ಎಂಬುದು ಮುಖ್ಯ. ಅದೇ ತೀರ್ಪು ಎದುರು ಪಕ್ಷದವರನ್ನೂ ಮರೆಯಬಾರದೆಂದಿತು. ಅವರೂ ಖರ್ಚು ಮಾಡಿದ್ದಾರೆ, ನಷ್ಟ ತುಂಬಿಕೊಡಬೇಕು.

ಈ ಎರಡನೆಯ ಮಾತು ನನಗೆ ಇನ್ನೂ ದೊಡ್ಡದು. ಗೆದ್ದವನಿಗೂ ಒಂದು ಮನೆಯಿದೆ. ಇನ್ನು ಯಾರೂ ಬಾಗಿಲು ಬಡಿಯುವುದಿಲ್ಲ ಎಂದು ಅವನು ನೆಮ್ಮದಿಯಾಗಿ ಮಲಗುವ ದಿನ ಬರಲೇಬೇಕು. ಗಡುವು ಇರುವುದು ಅವನಿಗಾಗಿ. ಹಾಗಾಗಿ ಕಾಯ್ದೆ ನಿಷ್ಠುರ ಎಂದು ದೂರಲು ನನಗೆ ಮನಸ್ಸಾಗುವುದಿಲ್ಲ. ನಿಜವಾದ ಕಷ್ಟದಿಂದ ತಡವಾದವನನ್ನು ಮೊದಲ ಮಾತಿಗೇ ಹೊರಗಟ್ಟುವುದೂ ನ್ಯಾಯವಲ್ಲ.

ನಿಮ್ಮ ಬೀರುವಿನಲ್ಲೂ ಅಂಥದೊಂದು ಕಾಗದವಿದ್ದರೆ ಇವತ್ತೇ ತೆಗೆದು ತಾರೀಖು ನೋಡಿ. ಗಡುವು ದಾಟಿದ್ದರೂ ನಾಚಿಕೆಯಿಂದ ಇನ್ನೊಂದು ವಾರ ಕಳೆಯಬೇಡಿ. ಇಲ್ಲದ ಕಾಯಿಲೆಯ ಸರ್ಟಿಫಿಕೇಟು ಹುಡುಕಬೇಡಿ. ಆದದ್ದನ್ನು ಆದಂತೆಯೇ ವಕೀಲರಿಗೆ ಹೇಳಿ.