ಬೇಹಿನ ಕಣ್ಣು ಯಾರ ಮೇಲೆ?

ಯುದ್ಧದ ಸುದ್ದಿ ಬಂದರೆ ಸಾಕು, ಟೀವಿಯಲ್ಲಿ ಒಬ್ಬರಾದರೂ ಹೇಳುತ್ತಾರೆ: ಈಗ ಗುಪ್ತಚರ ಸಂಸ್ಥೆಯನ್ನು ಯಾರೂ ಪ್ರಶ್ನಿಸಕೂಡದು, ಪ್ರಶ್ನಿಸುವವರು ಯಾರೆಂದು ಆ ಸಂಸ್ಥೆಯೇ ನೋಡಿಕೊಳ್ಳಲಿ. ಮೊದಲರ್ಧವನ್ನು ಹೇಗೋ ಸಹಿಸಬಹುದು. ನನಗೆ ಸಿಟ್ಟು ಬರುವುದು ಎರಡನೆಯದಕ್ಕೆ. ಶತ್ರುವಿನ ಮೇಲೆ ಇಟ್ಟ ಕಣ್ಣನ್ನು ಮನೆಯವರ ಕಡೆ ತಿರುಗಿಸಲು ಯುದ್ಧಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಕ್ಕೀತು?

ಗೂಢಚಾರರನ್ನು ಬಳಸುವುದೇ ಹೀನ ಎಂದ ಕಾಂಟ್, ಅವರನ್ನೇ ನೆಚ್ಚಿ ಸೇನೆ ನಡೆಯುತ್ತದೆ ಎಂದ ಸುನ್ ತ್ಸು, ಇಬ್ಬರಿಗೂ ದೂರದಿಂದಲೇ ನಮಸ್ಕಾರ. ಹಿಡಿದು ಕೇಳಬೇಕಾದವನು ಕೌಟಿಲ್ಯ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಅವನ ಅರ್ಥಶಾಸ್ತ್ರದ ತುಂಬ ತಾಪಸ, ಒಕ್ಕಲಿಗ, ವ್ಯಾಪಾರಿ, ಭಿಕ್ಷುಕಿಯ ವೇಷದ ಬೇಹುಗಾರರು ಓಡಾಡುತ್ತಾರೆ. ಅವರ ಕಣ್ಣು ರಾಜನ ಸ್ವಂತ ಮಂತ್ರಿಗಳ ಮೇಲೆ, ಪ್ರಜೆಗಳ ಮೇಲೆ ಕೂಡ. ಆದರೂ ಟೀವಿ ಪಂಡಿತರಿಗಿಂತ ಕೌಟಿಲ್ಯ ಎಚ್ಚರದವನು. ಮೂವರು ಬೇಹುಗಾರರ ಮಾತು ಕೂಡಿಬಂದರೆ ನಂಬು ಎನ್ನುತ್ತಾನೆ. ಬೇಹುಗಾರನನ್ನೂ ಅನುಮಾನಿಸುವ ಈ ಗುಣ ನನಗೆ ಹಿಡಿಸುತ್ತದೆ. ತೊಡಕೆಂದರೆ, ಮೂವರ ಮಾತನ್ನೂ ತೂಗುವವನು ರಾಜನೇ. ಅವನ ಅನುಮಾನ ಯಾರ ಮೇಲಿದೆಯೆಂದು ಮೂವರಿಗೂ ಗೊತ್ತಿರುತ್ತದೆ.

ಇದಕ್ಕೆ ನಮ್ಮ ಚಿತ್ರದುರ್ಗದಲ್ಲೇ ಉತ್ತರವಿದೆ ಅನ್ನಿಸಿತ್ತು. ಜನ ಹೇಳುವ ಕಥೆಯಲ್ಲಿ ಹೈದರಾಲಿಯ ಕಡೆಯವರು ಬಂಡೆಯ ಸಂದಿಯಲ್ಲಿ ಹೆಂಗಸೊಬ್ಬಳು ನುಸುಳುವುದನ್ನು ನೋಡಿ ಕಿಂಡಿ ಪತ್ತೆ ಹಚ್ಚುತ್ತಾರೆ. ಅವರನ್ನು ತಡೆದವಳು ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದ ಓಬವ್ವ. ಅವಳಿಗೆ ಯಾವ ಬೇಹುಗಾರನೂ ಸುದ್ದಿ ಕೊಟ್ಟಿರಲಿಲ್ಲ. 1999ರಲ್ಲೂ ಕಾರ್ಗಿಲ್‌ನ ನುಸುಳುಕೋರರ ಸುದ್ದಿಯನ್ನು ಸೇನೆಗೆ ಮುಟ್ಟಿಸಿದವರು ಅಲ್ಲಿನ ಕುರಿಗಾಹಿಗಳು. ನಂಬಿದರೆ ಜನ ತಾವಾಗಿ ಬಂದು ಹೇಳುತ್ತಾರೆ, ಅನುಮಾನಿಸಿದರೆ ಬಾಯಿ ಹೊಲಿದುಕೊಳ್ಳುತ್ತಾರೆ.

ಆದರೆ ಕೋಟೆ ಉಳಿಯಲಿಲ್ಲವಲ್ಲ. ಓಬವ್ವನ ಕಿಂಡಿ ಭದ್ರವಾಗಿದ್ದರೂ 1779ರಲ್ಲಿ ದುರ್ಗದ ದೊರೆ ಮದಕರಿನಾಯಕನ ಪಡೆಯೊಳಗಿನವರೇ ಕೈಕೊಟ್ಟರೆಂದು ಇತಿಹಾಸಕಾರರು ಬರೆದಿದ್ದಾರೆ. ಹೈದರಾಲಿಯ ಕಡೆಯವರು ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಎಳೆದೊಯ್ದರು. ಒಳಗೂ ಒಬ್ಬನನ್ನು ಇಟ್ಟಿರಬೇಕಿತ್ತು ತಾನೆ ಎಂದು ಕೌಟಿಲ್ಯ ಕೇಳಿದರೆ, ಹೌದು, ಇಟ್ಟಿರಬೇಕಿತ್ತು.

ಆದರೆ ಒಳಗಿನ ಕಣ್ಣು ಹೇಗಿರಬೇಕು? ಹಿರಿಯೂರಿನಲ್ಲಿ ರೈತರು ನೀರಿಗಾಗಿ ಧರಣಿ ಕೂತಾಗ ನಾನೂ ಹೋಗಿ ಕೂರುತ್ತಿದ್ದೆ. ಮಫ್ತಿಯಲ್ಲಿ ಬರುತ್ತಿದ್ದ ಪೊಲೀಸಪ್ಪ ಯಾರೆಂದು ಶಾಮಿಯಾನ ಹಾಕುವ ಹುಡುಗನಿಗೂ ಗೊತ್ತು. “ಬರ್ಕಳಣ್ಣ, ನಾಳೆ ರಸ್ತೆ ತಡೆ ಐತೆ” ಎಂದು ನಮ್ಮವರೇ ಹೇಳಿ ಟೀ ಕೊಡಿಸುತ್ತಿದ್ದರು. ಇಲ್ಲದ್ದನ್ನು ಬರೆದರೆ ಮರುದಿನ ಅವನನ್ನೇ ನಿಲ್ಲಿಸಿ ಕೇಳಬಹುದಿತ್ತು. ಅದನ್ನು ನೋಡಿ ನಾನೊಂದು ಗೆರೆ ಎಳೆದುಕೊಂಡೆ: ಹೊರಗಿನವರ ಮೇಲೆ ಗುಟ್ಟಿನ ಕಣ್ಣಿರಲಿ, ಒಳಗಿನವರ ಮೇಲಿನ ಕಣ್ಣು ಲೆಕ್ಕ ಒಪ್ಪಿಸಲಿ. ಆ ಗೆರೆಯನ್ನು ಕಾಯ್ದೆಯೇ ಎಳೆಯಬೇಕು; ಹೊರದೇಶದ ಬೇಹು ನೋಡಿಕೊಳ್ಳುವ, 1968ರಲ್ಲಿ ಶುರುವಾದ ‘ರಾ’ ಕೂಡ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ್ದಲ್ಲ. ಮೊದಲು ಆ ಕಾಯ್ದೆ ಬರಲಿ ಎಂಬುದು ನನ್ನ ಹಟ.

ಹಾಗಾದರೆ ದುರ್ಗದ ದ್ರೋಹಿ ಈ ಗೆರೆಯ ಯಾವ ಕಡೆ? ಉಣ್ಣುವುದು ಒಳಗೆ, ಮಾತು ಹೊರಗಿನವರ ಜೊತೆ. ಟೀ ಕುಡಿದು ಹೋಗುವ ಮಫ್ತಿಯವನ ಕೈಗೆ ಅವನು ಸಿಗುವುದಿಲ್ಲ. ಗುಟ್ಟಿನ ಕಾವಲು ಹಾಕಿದರೆ ಅದು ಅವನೊಬ್ಬನಿಗೇ ನಿಲ್ಲುತ್ತದೆಂಬ ಖಾತ್ರಿಯಿಲ್ಲ; ಧರಣಿ ಕೂತವರವರೆಗೂ ಬರುತ್ತದೆ. ಕಾಯ್ದೆಯ ಮಾತನ್ನು ಬಿಡಲಾರೆ. ಆದರೆ ಮುತ್ತಿಗೆಯ ರಾತ್ರಿ ಯಾರಾದರೂ ಅದನ್ನು ತೆರೆದು ಓದಿ ‘ಗುಟ್ಟಿನ ಕಾವಲು ಬೇಡ, ತಡೆಯಿರಿ’ ಎಂದರೆ, ಬುರುಜಿನ ಮೇಲೆ ನಿಂತ ನಾನು ತಡೆಯುತ್ತೇನೆಯೇ? ತಡೆಯುತ್ತೇನೆ ಎಂದು ಇಲ್ಲಿ ಕುರ್ಚಿಯಲ್ಲಿ ಕೂತು ಬರೆಯುವುದು ಸುಲಭ.