ಪರಿಚಯವೂ ಯೋಗ್ಯತೆಯೂ

ಶಿರ್ತಾಡಿಯ ಕಡೆಯ ಮನೆಗಳಲ್ಲಿ ಹುಡುಗನೊಬ್ಬನ ವಿದ್ಯಾಭ್ಯಾಸವು ಮುಗಿಯಿತೆಂದರೆ, ಜಗಲಿಯಲ್ಲಿ ಮೊದಲು ಏಳುವ ಪ್ರಶ್ನೆಯು ಮುಂಬಯಿಯಲ್ಲಿ ನಮ್ಮವರು ಯಾರಿರುವರು ಎಂಬುದು. ಇದನ್ನು ಕೇಳುವುದರಲ್ಲಿ ದೋಷವುಂಟೇ? ಪರಿಚಯವನ್ನು ಏಣಿಯಾಗಿ ಮಾಡಿಕೊಂಡು ಮೇಲೇರುವುದು ಧರ್ಮಕ್ಕೆ ಸಮ್ಮತವೇ?

ದ್ರೋಣನ ಚರಿತ್ರೆಯು ಇಲ್ಲಿ ನೆನಪಿಗೆ ಬರುವುದು. ಬಾಲ್ಯದ ಸ್ನೇಹವನ್ನು ನಂಬಿ ದ್ರುಪದನ ಬಳಿಗೆ ಹೋದ ಆ ಬಡ ಬ್ರಾಹ್ಮಣನಿಗೆ ತಿರಸ್ಕಾರವೇ ದೊರೆಯಿತು. ಅನಂತರ ಅವನು ಹಸ್ತಿನಾವತಿಗೆ ಬಂದು, ಹೆಂಡತಿಯ ಸೋದರನಾದ ಕೃಪನ ಮನೆಯಲ್ಲಿ ಗುಪ್ತವಾಗಿದ್ದನು. ಕೃಪನು ರಾಜಕುಮಾರರಿಗೆ ಗುರು. ಅವನಿಂದ ಒಂದು ಮಾತನ್ನು ಭೀಷ್ಮನ ಕಿವಿಗೆ ಹಾಕಿಸುವುದು ಕಷ್ಟವಾಗಿರಲಿಲ್ಲ. ದ್ರೋಣನು ಹಾಗೆ ಮಾಡಿಸಲಿಲ್ಲ. ಬಾವಿಗೆ ಬಿದ್ದ ಚೆಂಡನ್ನು ಹುಲ್ಲಿನ ಕಡ್ಡಿಗಳಿಂದ ಮೇಲೆತ್ತಿಕೊಟ್ಟು, ತನ್ನ ರೂಪಗುಣಗಳನ್ನು ಭೀಷ್ಮನಿಗೆ ತಿಳಿಸಿರೆಂದು ಬಾಲಕರಿಗೆ ಹೇಳಿದನು. ಇದೂ ಒಂದು ಶಿಫಾರಸೇ ಸರಿ. ಆದರೆ ಬಾಲಕರು ಹೇಳಿದುದು ತಮ್ಮ ಕಣ್ಣಾರೆ ಕಂಡುದನ್ನು. (ಆ ಪದವಿಯ ಬೆಲೆಯನ್ನು ಅವನು ಕುರುಕ್ಷೇತ್ರದಲ್ಲಿ ತೆರಬೇಕಾಯಿತೆಂಬುದು ಬೇರೆಯ ಮಾತು.)

ಈ ಜಿಲ್ಲೆಯ ಜನರು ಮುಂಬಯಿಯಲ್ಲಿ ನೆಲೆಯೂರಿದುದು ಬಹುಮಟ್ಟಿಗೆ ಪರಿಚಯದಿಂದಲೇ. ಮೊದಲು ಹೋದವನು ಹಿಂದಿನಿಂದ ಬಂದವನಿಗೆ ಮಲಗಲು ಸ್ಥಳವನ್ನೂ ಹೋಟೆಲಿನಲ್ಲಿ ಕೆಲಸವನ್ನೂ ತೋರಿಸಿದನು. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ ಮೊದಲಾದವು ಹುಟ್ಟಿದುದೂ ಈ ಊರತನದಿಂದಲೇ. ಹಗಲು ತಟ್ಟೆಲೋಟಗಳನ್ನು ತೊಳೆದು ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದವರು ಅನೇಕರು. ಆ ಸಹಾಯವನ್ನು ಅಧರ್ಮವೆಂದು ಯಾವನು ಹೇಳಿಯಾನು? ಬಾಗಿಲನ್ನು ತೋರಿಸಿದವರು ಊರಿನವರು. ಒಳಗೆ ದುಡಿದವನು ತಾನೇ.

ದಾಕ್ಷಿಣ್ಯದ ಶಿಫಾರಸಿನ ಬಗೆ ಬೇರೆ. ಕೆನರಾ ಬ್ಯಾಂಕು, ಕಾರ್ಪೊರೇಶನ್ ಬ್ಯಾಂಕುಗಳು 1906ರಲ್ಲಿ ಹುಟ್ಟಿದ ಜಿಲ್ಲೆಯಿದು. ಜಾಮೀನು ಎಂದರೇನೆಂದು ಇಲ್ಲಿಯವರಿಗೆ ಹೇಳಿಕೊಡಬೇಕಾದುದಿಲ್ಲ. ಸಾಲಗಾರನು ತಪ್ಪಿದರೆ ಸಹಿ ಹಾಕಿದವನು ಹಣವನ್ನು ಕಟ್ಟಬೇಕು. ಆದುದರಿಂದಲೇ ಅವನು ಹತ್ತು ಸಲ ಯೋಚಿಸುವನು. ಉದ್ಯೋಗಕ್ಕಾಗಿ ಪತ್ರವನ್ನು ಬರೆದುಕೊಡುವವನಿಗಾದರೋ ಒಂದು ಕಾಸೂ ನಷ್ಟವಿಲ್ಲ. ನಷ್ಟವಾಗುವುದು ಯಾರನ್ನೂ ಅರಿಯದ ಮೂರನೆಯವನಿಗೆ. ಅವನು ಆ ಜಗಲಿಗೆ ಬಂದವನೇ ಅಲ್ಲ. ತನ್ನ ಪಾಲಿನ ಅನ್ನವು ಯಾವ ಕೈಯಿಂದ ಕೈಗೆ ಹೋಯಿತೆಂಬುದು ಅವನಿಗೆ ತಿಳಿಯುವುದೂ ಇಲ್ಲ.

2011ರಿಂದ ಸರಕಾರಿ ಬ್ಯಾಂಕುಗಳಲ್ಲಿ ಹೆಚ್ಚಿನವು ಒಂದೇ ಸಾಮಾನ್ಯ ಪರೀಕ್ಷೆಯ ಮೂಲಕ ನೌಕರರನ್ನು ಆರಿಸತೊಡಗಿದುದು ಆ ಮೂರನೆಯವನಿಗೆ ದೊಡ್ಡ ಉಪಕಾರ. ಆದರೆ ಪರೀಕ್ಷೆಯು ಲೆಕ್ಕವನ್ನು ಅಳೆಯುವುದೇ ಹೊರತು ಪ್ರಾಮಾಣಿಕತೆಯನ್ನು ಅಳೆಯಲಾರದು. ಖಾಸಗಿ ಉದ್ಯೋಗಗಳಲ್ಲಂತೂ ಬಲ್ಲವರ ಮಾತಿಗೆ ಇಂದಿಗೂ ಬೆಲೆಯುಂಟು. ಪಟ್ಟಣಗಳಲ್ಲಿ ಪರಿಚಯವನ್ನು ಗಳಿಸುವುದೇ ಒಂದು ವಿದ್ಯೆಯಾಗಿ ಬೆಳೆದಿದೆ. ಮುಂದೆ ಪ್ರಯೋಜನವಾದೀತೆಂದು ಮುಖನೋಡಿ ನಗುವವನ ಸ್ನೇಹವು ಎಷ್ಟು ದಿನದ್ದೆಂಬುದನ್ನು ಆ ವಿದ್ಯೆಯು ಹೇಳಿಕೊಡುವಂತೆ ಕಾಣುವುದಿಲ್ಲ.

ನೆರೆಮನೆಯ ಹುಡುಗನು ಸೋಮಾರಿಯೆಂದು ಬಲ್ಲ ಹಿರಿಯನೊಬ್ಬನಿರಲಿ. ಹುಡುಗನ ತಾಯಿಯು ಬಂದು, ಅಣ್ಣಾ, ಎರಡು ಗೆರೆ ಬರೆದುಕೊಡಿ ಎಂದು ಕಣ್ಣೀರಿಡುವಳು. ಬರೆದರೆ ಸುಳ್ಳು, ಬರೆಯದಿದ್ದರೆ ನೆರೆಹೊರೆಯ ವಿಶ್ವಾಸಕ್ಕೆ ಭಂಗ. ಆ ಹಿರಿಯನು ಹುಡುಗನನ್ನು ಕರೆದು, ತಿಂಗಳೊಂದು ತನ್ನ ಅಡಕೆಯ ಲೆಕ್ಕವನ್ನು ಬರೆಯಿಸಲಿ. ಹೊತ್ತಿಗೆ ಬರುವನೋ, ತಪ್ಪಿದಾಗ ಒಪ್ಪಿಕೊಳ್ಳುವನೋ ನೋಡಲಿ. ಆಮೇಲೆ ಕಂಡುದನ್ನಷ್ಟೇ ಬರೆದು ಸಹಿ ಹಾಕಲಿ.